ಮಗ್ಗಕ್ಕೊಂದು ಗಣಕ

ಅಕ್ಕಲಕೋಟದಿಂದ ದುಧನಿಯ ಕಡೆಗೆ ಎಸ್.ಟಿ. ಬಸ್ಸಿನಲ್ಲಿ ಹೊರಟರೆ ದಾರಿಯಲ್ಲಿ ಸಿಗುವ ಊರು ನಮ್ಮ ಮೈಂದರ್ಗಿ. ನಿಮ್ಮಲ್ಲಿ ಕೆಲವರು ಆ ದಾರಿಯ ಊರುಗಳವರೇ ಆಗಿರಬಹುದು. ಅಂಥವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಪ್ಪು ಮಣ್ಣು, ಹಿಂಗಾರಿನ ಜೋಳ, ತೊಗರಿ. ಬಸ್ಸಿನ ಹಲಗೆಯ ಮೇಲೆ ಮರಾಠಿ, ಬಸ್ಸಿನ ಒಳಗೆ ಕನ್ನಡ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾನು ಕಲಿತೆ. ಆಗ ಉಳಿದ ಹುಡುಗರ ಹತ್ತಿರ ಕಟ್ಟಿಗೆಯ ಅಳತೆಪಟ್ಟಿ ಇದ್ದರೆ ನನ್ನ ಹತ್ತಿರ ಒಂದು ರಟ್ಟಿನ ಪಟ್ಟಿ ಇತ್ತು. ಅದರ ತುಂಬ ಸಾಲುಸಾಲಾಗಿ ದುಂಡನೆಯ ತೂತುಗಳು. ಅಂಚಿಗೆ ಹಿಡಿದು ಗೆರೆ ಎಳೆಯಲು ಅಡ್ಡಿಯಿರಲಿಲ್ಲ. ಪೆನ್ಸಿಲು ಸ್ವಲ್ಪ ಒಳಗೆ ಸರಿದರೆ ಮಾತ್ರ ತೂತಿನಲ್ಲಿ ಇಳಿದು ಕಾಗದ ಹರಿಯುತ್ತಿತ್ತು. "ಇಲಿ ಕಡಿದ ಪಟ್ಟಿ" ಎಂದು ಗೆಳೆಯರು ನಗುತ್ತಿದ್ದರು.

ಆ ಪಟ್ಟಿಯನ್ನು ಸೊಲ್ಲಾಪುರದಿಂದ ತಂದುಕೊಟ್ಟವರು ನಮ್ಮ ತಂದೆ. ಅವರು ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಚಾದರಿನ ವಿನ್ಯಾಸಗಳ ಕಾರ್ಡು ಕೊರೆಯುವ ಕೆಲಸದಲ್ಲಿದ್ದರು. ಸೋಮವಾರ ನಸುಕಿನ ಬಸ್ಸಿಗೆ ಹೋದರೆ ಮರಳಿ ಬರುವುದು ಶನಿವಾರ ರಾತ್ರಿ. ಕೊರೆಯುವಾಗ ಒಂದು ತೂತು ತಪ್ಪಿದರೂ ಆ ಕಾರ್ಡು ಕೆಟ್ಟಂತೆ. ಕೆಟ್ಟ ಕಾರ್ಡುಗಳು ನಮ್ಮ ಮನೆಗೆ ಬರುತ್ತಿದ್ದವು. ಹೀಗಾಗಿ ನನ್ನ ಬಾಲ್ಯದ ಗೆರೆಗಳೆಲ್ಲ ತಂದೆಯವರ ತಪ್ಪುಗಳ ಅಂಚಿನಲ್ಲಿ ಎಳೆದವುಗಳು. ಅವು ಬಹಳ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಒಂದು ಪಟ್ಟಿಯನ್ನೇ ಎರಡು ವರ್ಷ ಬಳಸಿದ್ದುಂಟು.

ಸೊಲ್ಲಾಪುರದ ಚಾದರನ್ನು ನೀವು ಹೊದ್ದಿರಬಹುದು. ಅದರ ಮೇಲಿನ ಹೂವು, ನವಿಲು, ಬಳ್ಳಿಗಳನ್ನು ಬಣ್ಣದಿಂದ ಅಚ್ಚು ಹಾಕಿದ್ದಲ್ಲ, ನೂಲಿನಲ್ಲೇ ನೇಯ್ದದ್ದು. ಮಗ್ಗದ ನೆತ್ತಿಯ ಮೇಲೆ ಕುಳಿತಿರುವ ಜಕಾರ್ಡ್ ಎಂಬ ಯಂತ್ರ ಈ ಕೆಲಸ ಮಾಡುತ್ತದೆ. ಹಾಸಿನ ಎಳೆಗಳು ದಾರಗಳ ಮೂಲಕ ಮೇಲಿನ ನೂರಾರು ಕೊಕ್ಕೆಗಳಿಗೆ ಕಟ್ಟಿರುತ್ತವೆ. ಲಾಳಿ ಒಂದು ಸಲ ಹೊಕ್ಕು ಹಾಯಿಸುವ ಮೊದಲು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಎಂಬುದನ್ನು ಒಂದು ಕಾರ್ಡು ಹೇಳುತ್ತದೆ. ತೂತು ಇದ್ದಲ್ಲಿ ಸೂಜಿ ಒಳಹೋಗಿ ಕೊಕ್ಕೆ ಏಳುತ್ತದೆ. ತೂತು ಇಲ್ಲದಲ್ಲಿ ಏಳುವುದಿಲ್ಲ. ಹೊಕ್ಕಿಗೊಂದು ಕಾರ್ಡು. ದೊಡ್ಡ ವಿನ್ಯಾಸಕ್ಕೆ ಸಾವಿರಗಟ್ಟಲೆ ಕಾರ್ಡುಗಳನ್ನು ದಾರದಿಂದ ಹೆಣೆದು ಸರಪಳಿ ಮಾಡಿ ತೂಗಹಾಕುತ್ತಾರೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ ಎಂಬಾತ ರೂಪಿಸಿದ ಯಂತ್ರ ಇದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರವನ್ನು ಯೋಚಿಸುವಾಗ ತೂತಿನ ಕಾರ್ಡುಗಳನ್ನು ಈ ಮಗ್ಗದಿಂದಲೇ ಎರವಲು ಪಡೆದ. ಗಣಕಕ್ಕೆ ಮಗ್ಗ ಹಿರಿಯಣ್ಣ ಎಂದರೆ ತಪ್ಪಾಗದು.

ಕಾಲ ಸರಿಯಿತು. ಕಾರ್ಡಿನ ಜಾಗದಲ್ಲಿ ವಿದ್ಯುತ್ತಿನ ಜಕಾರ್ಡ್ ಬಂತು. ಇದರಲ್ಲಿ ಕಾರ್ಡು ಇಲ್ಲ, ಸೂಜಿ ಇಲ್ಲ. ಕೊಕ್ಕೆಗೊಂದು ಪುಟ್ಟ ವಿದ್ಯುದಯಸ್ಕಾಂತ. ಕೊಕ್ಕೆ ತಕ್ಕ ಎತ್ತರಕ್ಕೆ ಬಂದ ಗಳಿಗೆಗೆ ಅಯಸ್ಕಾಂತ ಅದನ್ನು ಹಿಡಿಯಬೇಕು ಅಥವಾ ಬಿಡಬೇಕು. ಹೊಸ ವಿನ್ಯಾಸ ಬೇಕಾದರೆ ಹದಿನೈದು ದಿನ ಕಾರ್ಡು ಕೊರೆಯುವ ಕಾರಣವಿಲ್ಲ, ಪೆನ್ ಡ್ರೈವಿನಲ್ಲಿ ತಂದು ಹಾಕಿದರಾಯಿತು.

ನಾನು ಎಲೆಕ್ಟ್ರಾನಿಕ್ಸ್ ಓದಿ ಸೊಲ್ಲಾಪುರದಲ್ಲೇ ದುರಸ್ತಿಯ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದೆ. 2017ರ ಮಳೆಗಾಲದಲ್ಲಿ ಒಬ್ಬ ಮಗ್ಗದ ಮಾಲೀಕರು ನನ್ನನ್ನು ಕರೆದರು. ಅವರು ಹಳೆಯ ಮಗ್ಗಕ್ಕೆ ಕೂಡಿಸಲು ಬಳಸಿದ ವಿದ್ಯುತ್ ಜಕಾರ್ಡ್ ಒಂದನ್ನು ಅಗ್ಗದಲ್ಲಿ ಕೊಂಡಿದ್ದರು. ಅದರ ಅಯಸ್ಕಾಂತಗಳು ಚೆನ್ನಾಗಿದ್ದವು. ನಡೆಸುವ ಗಣಕ ಸತ್ತುಹೋಗಿತ್ತು. ಹೊಸದನ್ನು ತರಿಸುವ ಶಕ್ತಿ ಅವರಿಗಿರಲಿಲ್ಲ. "ನೀ ಮಾಡಿಕೊಡ್ತಿ ಏನು? ದೀಪಾವಳಿ ಮೊದಲ ಒಂದು ಆರ್ಡರ್ ಐತಿ" ಎಂದರು. ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಬಹುದಿತ್ತು. ಈ ಯಂತ್ರ ನಡೆದರೆ ಆ ಷೆಡ್ಡಿನಲ್ಲಿ ಕಾರ್ಡು ಕೊರೆಯುವವರ ಕೆಲಸ ಒಂದು ಮಗ್ಗದಷ್ಟು ಕಡಿಮೆಯಾಗುತ್ತಿತ್ತು. ತಂದೆಯವರಿಗೆ ಹೇಳಿದಾಗ ಅವರು ಊಟದ ತಾಟಿನಿಂದ ತಲೆ ಎತ್ತದೆ, "ಆತು ಮಾಡು. ನೀ ಮಾಡದಿದ್ರ ಮತ್ತೊಬ್ಬ ಮಾಡ್ತಾನ" ಎಂದರು.

ಈಗ ನಿಮ್ಮನ್ನು ಸ್ವಲ್ಪ ಲೆಕ್ಕಕ್ಕೆ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗ್ಗದ ವೇಗ ನಿಮಿಷಕ್ಕೆ 150 ಹೊಕ್ಕು. ಅಂದರೆ ಅದರ ದಂಡ ಒಂದು ಸುತ್ತು ತಿರುಗಲು 400 ಮಿಲಿಸೆಕೆಂಡು. ಸುತ್ತಿನ ಒಂದು ಡಿಗ್ರಿಗೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ನಮ್ಮ ಜಕಾರ್ಡಿನಲ್ಲಿ ಅಯಸ್ಕಾಂತಗಳು ಹಿಡಿಯಲು ಇದ್ದ ಅವಕಾಶ ಹದಿನೈದು ಡಿಗ್ರಿ ಮಾತ್ರ, ಹೆಚ್ಚುಕಡಿಮೆ 17 ಮಿಲಿಸೆಕೆಂಡು. ದಂಡ ಎಲ್ಲಿದೆ ಎಂದು ತಿಳಿಯಲು ಅದಕ್ಕೆ ಎನ್‌ಕೋಡರ್ ಎಂಬ ಉಪಕರಣ ಜೋಡಿಸುತ್ತಾರೆ. ನಾನು ಜೋಡಿಸಿದ್ದು ಸುತ್ತಿಗೆ 1000 ಗೆರೆಯದು. ಎರಡು ತಂತಿಗಳ ಏರಿಳಿತಗಳನ್ನೆಲ್ಲ ಎಣಿಸಿದರೆ ಸುತ್ತಿಗೆ 4000 ಗುರುತು, ಸೆಕೆಂಡಿಗೆ 10,000 ಗುರುತು. ಪ್ರತಿ 100 ಮೈಕ್ರೊಸೆಕೆಂಡಿಗೆ ಒಂದು ಗುರುತು ಬಂದು ಗಣಕದ ಬಾಗಿಲು ತಟ್ಟುತ್ತದೆ. ಒಂದನ್ನೂ ಬಿಡದೆ ಎಣಿಸಬೇಕು.

ಯಾವ ಸಂಸ್ಕಾರಕವನ್ನು ಆರಿಸಬೇಕು? ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಕೈಯಲ್ಲಿ ದುಡ್ಡಿಗೆ ಸಿಗುವಷ್ಟರಲ್ಲಿ ಎಲ್ಲಕ್ಕೂ ವೇಗವಾದದ್ದನ್ನು ಆರಿಸಿದೆ. ಅಂಗೈ ಅಗಲದ ಬೋರ್ಡು, ಅದರ ಮೇಲೆ ನಾಲ್ಕು ತಿರುಳುಗಳ, ಸೆಕೆಂಡಿಗೆ ನೂರು ಕೋಟಿಗೂ ಮೀರಿ ಮಿಡಿಯುವ ಸಂಸ್ಕಾರಕ. ಮೇಲೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅದರಲ್ಲಿ ಪರದೆಗೆ ಜಾಗವಿತ್ತು, ವೈಫೈ ಇತ್ತು, ಪೆನ್ ಡ್ರೈವ್ ಓದುತ್ತಿತ್ತು. ಇಷ್ಟು ಶಕ್ತಿ ಇರುವಾಗ ಹತ್ತು ಸಾವಿರ ಎಣಿಸುವುದೇನು ಮಹಾ ಎಂದುಕೊಂಡೆ. ಎನ್‌ಕೋಡರಿನಲ್ಲಿ ಮೂರನೆಯ ತಂತಿಯೊಂದಿರುತ್ತದೆ. ಸುತ್ತಿಗೊಮ್ಮೆ ಮಾತ್ರ ಅದು ಮಿಡಿಯುತ್ತದೆ. ಸೊನ್ನೆ ಗುರುತು ಎಂದು ಅದರ ಹೆಸರು. ನಾನು ಅದನ್ನು ಜೋಡಿಸಲೇ ಇಲ್ಲ. ಟೇಪು ಸುತ್ತಿ ಬದಿಗೆ ಮಡಿಚಿಟ್ಟೆ.

ಅಂಗಡಿಯ ಮೇಜಿನ ಮೇಲೆ ಚಿಕ್ಕ ಮೋಟಾರು ತಿರುಗಿಸಿ ಅರ್ಧ ಗಂಟೆ ಪರೀಕ್ಷಿಸಿದಾಗ ಒಂದು ತಪ್ಪೂ ಕಾಣಲಿಲ್ಲ. ಷೆಡ್ಡಿಗೆ ಒಯ್ದು ಕೂಡಿಸಿದೆ. ಮೊದಲ ಚಾದರಿನ ಮೇಲೆ ನವಿಲು ಗರಿಗೆದರಿ ಬಂದಾಗ ಮಾಲೀಕರು ಪೇಢೆ ತರಿಸಿ ಹಂಚಿದರು. ಎಷ್ಟು ಚಾದರಾಯಿತು ಎಂಬುದು ಮೊಬೈಲಿನಲ್ಲಿ ಕಾಣಬೇಕೆಂದು ಅವರಿಗೆ ಆಸೆಯಿತ್ತು. ಅದನ್ನೂ ಮಾಡಿಕೊಟ್ಟೆ. ಹತ್ತು ನಿಮಿಷಕ್ಕೊಮ್ಮೆ ಲೆಕ್ಕವನ್ನು ಮೆಮೊರಿ ಕಾರ್ಡಿಗೆ ಬರೆದು ಮೊಬೈಲಿಗೆ ಕಳಿಸುವಂತೆ ಏರ್ಪಡಿಸಿದೆ. ಕೇಳದೆ ಮಾಡಿದ ಉಪಕಾರಕ್ಕಿಂತ ಕೇಳಿ ಮಾಡಿಸಿಕೊಂಡ ಉಪಕಾರ ಹೆಚ್ಚು ಕೆಡಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಮರುದಿನ ಮುಕ್ಕಾಲು ಗಂಟೆ ಸರಿಯಾಗಿ ನೇಯ್ದ ಮೇಲೆ ನವಿಲಿನ ಕುತ್ತಿಗೆ ಅಲ್ಲಲ್ಲಿ ಹರಿದಂತೆ ಬಂತು. ಯಂತ್ರ ನಿಲ್ಲಿಸಿ, ಗಣಕವನ್ನು ಹೊಸದಾಗಿ ಚಾಲೂ ಮಾಡಿದೆ, ಸರಿಹೋಯಿತು. ಮತ್ತೆ ಮುಕ್ಕಾಲು ಗಂಟೆಗೆ ಅದೇ ಕಥೆ. ಮೂರು ದಿನಗಳಲ್ಲಿ ಹನ್ನೊಂದು ಚಾದರು ಕೆಟ್ಟವು.

ಕೆಟ್ಟದ್ದು ಯಾರ ಲೆಕ್ಕಕ್ಕೆ ಹೋಗುತ್ತದೆ, ಗೊತ್ತೇ? ಆ ಮಗ್ಗ ನಡೆಸುತ್ತಿದ್ದವರು ತೆಲುಗು ಮಾತಾಡುವ ನಡುವಯಸ್ಸಿನ ನೇಕಾರರು. ಅವರಿಗೆ ಸಂಬಳವಿಲ್ಲ, ನೇಯ್ದ ಚಾದರಿಗಿಷ್ಟು ಎಂದು ಕೂಲಿ. ಕೆಟ್ಟ ಚಾದರಿಗೆ ಕೂಲಿ ಇಲ್ಲ. ಶನಿವಾರದ ಬಟವಾಡೆಯಲ್ಲಿ ಅವರ ಕೈಗೆ ಬಂದ ನೋಟುಗಳು ತೀರ ತೆಳ್ಳಗಿದ್ದವು. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಕಿಸೆಗೆ ಹಾಕಿಕೊಂಡರು. "ಹಳೇ ಕಾರ್ಡು ತಿರುಗಿ ಹಾಕ್ರಿ ಸಾಹುಕಾರ" ಎಂದು ಮಾಲೀಕರಿಗೆ ಹೇಳಿ ಸೈಕಲ್ಲು ಹತ್ತಿ ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ರಾತ್ರಿಯ ಬಸ್ಸಿನಲ್ಲಿ ತಂದೆಯವರೂ ನಾನೂ ಕೂಡಿ ಮೈಂದರ್ಗಿಗೆ ಬಂದೆವು. ದಾರಿಯಲ್ಲಿ ಎಲ್ಲ ಹೇಳಿದೆ. ಸೋಮವಾರ ಅವರು ತಮ್ಮ ಕೆಲಸ ಬಿಟ್ಟು ನೇರ ಆ ಷೆಡ್ಡಿಗೆ ಬಂದರು. ಮೊದಲು ಮಳೆಗಾಲದ ತಂಪಿಗೆ ದಾರಗಳು ಬಿಗಿದಿವೆ ಎಂದು ಹೇಳಿ ಇಡೀ ದಿನ ಅವುಗಳನ್ನು ಒಂದೊಂದಾಗಿ ನೋಡಿದರು. ಅದರಿಂದ ಏನೂ ಆಗಲಿಲ್ಲ. ಅವರ ಊಹೆ ತಪ್ಪಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಸಂಜೆ ಸುಮ್ಮನೆ ಒಂದು ಡಬ್ಬದ ಮೇಲೆ ಕುಳಿತು ಮಗ್ಗವನ್ನು ಕೇಳತೊಡಗಿದರು. ಹೌದು, ಕೇಳತೊಡಗಿದರು. ಷೆಡ್ಡಿನೊಳಗೆ ಹೊಸಬರಿಗೆ ಬರಿಯ ಗದ್ದಲ ಕೇಳುತ್ತದೆ. ಅಲ್ಲಿ ಬೆಳೆದ ಕಿವಿಗೆ ಲಾಳಿಯ ಪೆಟ್ಟು ಬೇರೆ, ಹಣಿಗೆಯ ಪೆಟ್ಟು ಬೇರೆ, ಮೇಲೆ ಕೊಕ್ಕೆಗಳ ಚಟಪಟ ಬೇರೆ. ಅರ್ಧ ಗಂಟೆ ದಾಟಿತು. ಅವರು ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಮೇಲೆ ಕೈ ನಿಲ್ಲಿಸಿ, "ನಿನ್ನ ಕೊಕ್ಕಿ ಹಿಂದ ಬೀಳಾಕತ್ತದ" ಎಂದರು.

"ಎಷ್ಟು ಹಿಂದೆ?"

"ಎಷ್ಟಂತ ಏನು ಹೇಳ್ಲಿ? ಭಜನ್ಯಾಗ ಹೊಸಾ ತಬಲಜಿ ಹಿಂದ ಬೀಳಲ್ಲೇನು, ಹಂಗ. ಮುಂಜಾನೆ ಸರಿ ಇರ್ತದ, ಹೋಗ್ತಾ ಹೋಗ್ತಾ ಜಗ್ಗತದ."

ಕೊಕ್ಕೆ ಹಿಂದೆ ಬೀಳುತ್ತದೆಂದರೆ ದಂಡ ನಿಜವಾಗಿ ಇರುವುದಕ್ಕಿಂತ ಹಿಂದೆ ಇದೆ ಎಂದು ಗಣಕ ತಿಳಿದಿದೆ. ಅಂದರೆ ಎಣಿಕೆಯಲ್ಲಿ ಗುರುತುಗಳು ಕಳೆಯುತ್ತಿವೆ. ಪರಿಚಯದ ಮಾಸ್ತರರೊಬ್ಬರಿಂದ ಆಸಿಲೋಸ್ಕೋಪು ಎರವಲು ತಂದು ರಾತ್ರಿ ಪರೀಕ್ಷೆಗೆ ಕುಳಿತೆ. ಬೋರ್ಡು ಒಂದು ಗುರುತಿಗೆ ಓಗೊಡಲು ಸಾಮಾನ್ಯವಾಗಿ 20ರಿಂದ 30 ಮೈಕ್ರೊಸೆಕೆಂಡು ತೆಗೆದುಕೊಳ್ಳುತ್ತಿತ್ತು. ಬಹಳ ಚೆನ್ನಾಯಿತು. ಆದರೆ ಹತ್ತು ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿಗೆ ಲೆಕ್ಕ ಬರೆಯುವಾಗ ಅದು ಸುಮಾರು 5 ಮಿಲಿಸೆಕೆಂಡು ಬೇರೆ ಕಡೆ ತಿರುಗಿಬಿಡುತ್ತಿತ್ತು. ಅಷ್ಟರಲ್ಲಿ ಐವತ್ತು ಗುರುತು ಬಂದು ತಟ್ಟಿ ಹೋಗಿರುತ್ತಿದ್ದವು. ಐವತ್ತು ಗುರುತೆಂದರೆ ನಾಲ್ಕೂವರೆ ಡಿಗ್ರಿ. ನಾಲ್ಕು ಸಲ ಹೀಗಾದರೆ ಹದಿನೆಂಟು ಡಿಗ್ರಿ, ನಮಗಿದ್ದ ಅವಕಾಶದ ಆಚೆ. ನಲವತ್ತು ನಿಮಿಷ! ಮುಕ್ಕಾಲು ಗಂಟೆಯ ಒಗಟು ಬಿಡಿಸಿಕೊಂಡಿತು. ಮೇಜಿನ ಮೇಲೆ ಏಕೆ ತಪ್ಪಲಿಲ್ಲ ಎಂಬುದೂ ತಿಳಿಯಿತು. ಅಲ್ಲಿ ಯಾರೂ ಮೊಬೈಲಿನಲ್ಲಿ ಲೆಕ್ಕ ಕೇಳಿರಲಿಲ್ಲ.

ತಪ್ಪು ಬೋರ್ಡಿನದಲ್ಲ. ಹತ್ತು ಕೆಲಸಗಳನ್ನು ಒಟ್ಟಾರೆ ಬೇಗ ಮುಗಿಸಲು ಅದನ್ನು ಮಾಡಿದ್ದಾರೆ. ಒಂದು ಕೆಲಸವನ್ನು ಇಂಥ ಗಳಿಗೆಯೊಳಗೆ ಮಾಡಿಯೇ ತೀರುತ್ತೇನೆಂದು ಅದು ಎಂದೂ ಮಾತು ಕೊಟ್ಟಿರಲಿಲ್ಲ. ನಾನು ಸರಾಸರಿಯನ್ನು ನೋಡಿ ಆರಿಸಿದ್ದೆ. ನೋಡಬೇಕಾಗಿದ್ದದ್ದು ಅತಿ ಕೆಟ್ಟ ಗಳಿಗೆಯನ್ನು. ಹೊತ್ತಿಗೆ ಸರಿಯಾಗಿ ಉತ್ತರ ಕೊಡುವ ಇಂಥ ಲೆಕ್ಕಾಚಾರಕ್ಕೆ ನೈಜಸಮಯ ಗಣನೆ ಎನ್ನುತ್ತಾರೆ. ಅದರಲ್ಲಿ ತಡವಾದ ಸರಿಯುತ್ತರವೂ ತಪ್ಪುತ್ತರವೇ. ಪರೀಕ್ಷೆಯಲ್ಲಿ ಗಂಟೆ ಬಾರಿಸಿದ ಮೇಲೆ ನೆನಪಾದ ಉತ್ತರದ ಬೆಲೆ ಎಷ್ಟೆಂದು ನಿಮಗೆ ನಾನು ಹೇಳಬೇಕೆ?

ಹಾಗಾದರೆ ಬೇರೆ ಏನು ತರುವುದು? ಒಂದು ವಾರ ಇದೇ ಚಿಂತೆ. ಅದೇ ಬೋರ್ಡಿನ ಲಿನಕ್ಸಿಗೆ ನೈಜಸಮಯದ ತೇಪೆ ಹಾಕಿ ನೋಡಿದೆ. ಆಗ ಅದನ್ನು ಬೇರೆಯಾಗಿ ತಂದು ಹೊಲಿಯಬೇಕಾಗಿತ್ತು. 2024ರಲ್ಲಿ ಅದು ಮುಖ್ಯ ಲಿನಕ್ಸಿನಲ್ಲೇ ಸೇರಿಹೋಯಿತು. ತೇಪೆಯಿಂದ ಅತಿ ಕೆಟ್ಟ ತಡ 5 ಮಿಲಿಸೆಕೆಂಡಿನಿಂದ ನೂರು ಮೈಕ್ರೊಸೆಕೆಂಡಿನ ಆಸುಪಾಸಿಗೆ ಇಳಿಯಿತು. ದೊಡ್ಡ ಸುಧಾರಣೆಯೇ ಸರಿ. ಆದರೆ ನಮ್ಮ ಗುರುತುಗಳ ಅಂತರವೂ ಅಷ್ಟೇ. ಬಾವಿಯ ಆಳವೂ ಹಗ್ಗದ ಉದ್ದವೂ ಸಮನಾದರೆ ಕೊಡ ತುಂಬುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಪಿ.ಎಲ್.ಸಿ. ಎಂಬ ನಿಯಂತ್ರಕ ನಂಬಿಗಸ್ತ. ವೇಗದ ಎಣಿಕೆಗೆ ಬೇರೆ ಭಾಗವಿರುವ ಮಾದರಿ ಮಾಲೀಕರ ಕೈಗೆ ಎಟುಕುವಂತಿರಲಿಲ್ಲ. ಎಫ್.ಪಿ.ಜಿ.ಎ. ಎಂಬ ಇನ್ನೊಂದು ಬಗೆಯ ಚಿಪ್ಪಿನಲ್ಲಿ ನಮಗೆ ಬೇಕಾದ ತರ್ಕವನ್ನು ಸರ್ಕಿಟ್ಟಾಗಿಯೇ ಹೆಣೆಯಬಹುದು. ಅದರ ನಿಖರತೆ ನ್ಯಾನೊಸೆಕೆಂಡುಗಳದು. ಆದರೆ ನಾಳೆ ನಾನು ಊರಲ್ಲಿಲ್ಲದಾಗ ಕೆಟ್ಟರೆ ಅದನ್ನು ಬಿಚ್ಚಿ ನೋಡುವವರು ಯಾರು? ಹನ್ನೊಂದು ಚಾದರುಗಳ ನಂತರ ನಾನು ಈ ಪ್ರಶ್ನೆಯನ್ನೂ ಕೇಳಿಕೊಳ್ಳಲು ಕಲಿತಿದ್ದೆ.

ಕೊನೆಗೆ ಆರಿಸಿದ್ದು ಒಂದು ಮೈಕ್ರೊಕಂಟ್ರೋಲರ್, ಎಸ್‌ಟಿಎಂ32 ಕುಟುಂಬದ ಚಿಕ್ಕ ಚಿಪ್ಪು. ಬೋರ್ಡಿನ ಸಮೇತ ಬೆಲೆ ಇನ್ನೂರು ಮುನ್ನೂರು ರೂಪಾಯಿ. ವೇಗ 72 ಮೆಗಾಹರ್ಟ್ಸ್, ಮೊದಲಿನದರ ಇಪ್ಪತ್ತನೆಯ ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಅದರಲ್ಲಿ ಲಿನಕ್ಸ್ ಇಲ್ಲ, ವೈಫೈ ಇಲ್ಲ, ನಾನು ಬರೆದ ಪ್ರೋಗ್ರಾಂ ಬಿಟ್ಟರೆ ಒಳಗೆ ಮತ್ತಾರೂ ಇಲ್ಲ. ಕರೆ ಬಂದರೆ ಕೈಲಿದ್ದ ಕೆಲಸ ಬಿಟ್ಟು ಎದ್ದುಬರಲು ಅದಕ್ಕೆ ಸಾಮಾನ್ಯವಾಗಿ 12 ಮಿಡಿತ ಸಾಕು, ಒಂದು ಮೈಕ್ರೊಸೆಕೆಂಡಿನ ಆರನೆಯ ಒಂದು ಭಾಗ. ಇದಕ್ಕಿಂತ ನನ್ನ ಮನ ಸೆಳೆದದ್ದು ಇನ್ನೊಂದು. ಎನ್‌ಕೋಡರಿನ ಎರಡು ತಂತಿಗಳನ್ನು ನೇರ ಅದರ ಟೈಮರಿಗೆ ಕೊಟ್ಟರೆ ಎಣಿಕೆಯನ್ನು ಯಂತ್ರಾಂಶವೇ ಮಾಡಿಕೊಳ್ಳುತ್ತದೆ. ಪ್ರೋಗ್ರಾಂ ಏನೇ ಮಾಡುತ್ತಿರಲಿ, ಎಣಿಕೆ ತಪ್ಪುವುದಿಲ್ಲ. ನಾನು ಹೇಳಿದ ಅಂಕಿಗೆ ಬಂದೊಡನೆ ಅದೇ ಎಬ್ಬಿಸುತ್ತದೆ. 480 ಕೊಕ್ಕೆಗಳ ಸಾಲನ್ನು ಮೊದಲೇ ಒಳಗೆ ತಳ್ಳಿಟ್ಟುಕೊಂಡು, ಎಬ್ಬಿಸಿದ ಕ್ಷಣ ಬಾಗಿಲು ತೆಗೆದರಾಯಿತು. ಈ ಸಲ ಸೊನ್ನೆ ಗುರುತಿನ ತಂತಿಯ ಟೇಪು ಬಿಚ್ಚಿ ಅದನ್ನೂ ಜೋಡಿಸಿದೆ. ಅಕಸ್ಮಾತ್ ಎಣಿಕೆ ತಪ್ಪಿದರೂ ಮುಂದಿನ ಸುತ್ತಿಗೆ ತಿದ್ದಿಕೊಳ್ಳಲಿ ಎಂದು.

ಮೊದಲಿನ ಬೋರ್ಡನ್ನು ಎಸೆಯಲಿಲ್ಲ. ವಿನ್ಯಾಸ ಓದುವುದು, ಪರದೆಯ ಮೇಲೆ ತೋರಿಸುವುದು, ಮಾಲೀಕರ ಮೊಬೈಲಿಗೆ ಲೆಕ್ಕ ಕಳಿಸುವುದು ಅದಕ್ಕೇ ಉಳಿಯಿತು. ಮುಂದಿನ ಮೂವತ್ತೆರಡು ಹೊಕ್ಕುಗಳ ಸಾಲುಗಳನ್ನು ಅದು ಮೊದಲೇ ಚಿಕ್ಕ ಚಿಪ್ಪಿಗೆ ಕೊಟ್ಟಿರುತ್ತದೆ. ಅಷ್ಟರಲ್ಲಿ ಅದು ಹನ್ನೆರಡು ಸೆಕೆಂಡು ನಿದ್ದೆ ಮಾಡಿದರೂ ಮಗ್ಗಕ್ಕೆ ಗೊತ್ತಾಗುವುದಿಲ್ಲ. ಇಂಥ ಜೋಡಿಯನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದವರೂ ಇದ್ದಾರೆ. ಬೀಗಲ್‌ಬೋನ್ ಎಂಬ ಬೋರ್ಡಿನ ಸಂಸ್ಕಾರಕದಲ್ಲಿ ಲಿನಕ್ಸ್ ನಡೆಸುವ ದೊಡ್ಡ ತಿರುಳಿನ ಪಕ್ಕಕ್ಕೆ ಗಳಿಗೆ ತಪ್ಪದ ಎರಡು ಚಿಕ್ಕ ತಿರುಳುಗಳಿವೆ. ಅದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಅಗ್ಗದ್ದನ್ನೇ ತರುತ್ತಿದ್ದೆ.

ಈ ವಿಷಯದಲ್ಲಿ ಎಡವಿದವನು ನಾನೊಬ್ಬನೇ ಅಲ್ಲ ಎಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. 1997ರ ಜುಲೈ 4ರಂದು ಅಮೆರಿಕದ ಪಾಥ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿ ಅದರ ಗಣಕ ತನ್ನಷ್ಟಕ್ಕೆ ಮರುಚಾಲೂ ಆಗತೊಡಗಿತು. ಬಹಳ ಮುಖ್ಯವಾದ ಒಂದು ಕೆಲಸ, ಕಡಿಮೆ ಮುಖ್ಯವಾದ ಕೆಲಸವೊಂದು ಹಿಡಿದಿಟ್ಟುಕೊಂಡಿದ್ದ ಬೀಗಕ್ಕಾಗಿ ಕಾಯುತ್ತಿತ್ತು. ನಡುವೆ ಬಂದ ಮೂರನೆಯದು ಇಬ್ಬರನ್ನೂ ತಡೆಯುತ್ತಿತ್ತು. ಹೊತ್ತು ಮೀರಿದ್ದನ್ನು ಕಂಡ ಕಾವಲು ಗಡಿಯಾರ ಗಣಕವನ್ನು ಹೊಸದಾಗಿ ಎಬ್ಬಿಸುತ್ತಿತ್ತು. ಎಂಜಿನಿಯರುಗಳು ಭೂಮಿಯಿಂದಲೇ ಅದನ್ನು ತಿದ್ದಿದರು. ನಮ್ಮ ಇಸ್ರೋದ ಉಡಾವಣಾ ವಾಹನಗಳನ್ನು 2009ರಿಂದ ನಡೆಸಿಕೊಂಡು ಬಂದದ್ದು ವಿಕ್ರಮ್ 1601 ಎಂಬ 16 ಬಿಟ್‌ಗಳ ಸಂಸ್ಕಾರಕ. ಅದರ ತಮ್ಮನಾದ 32 ಬಿಟ್‌ಗಳ ವಿಕ್ರಮ್ 3201 ಸಿದ್ಧವಾಗಿ ಬಂದದ್ದು 2025ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಮನೆಯ ಮೊಬೈಲಿನಲ್ಲಿ 64 ಬಿಟ್‌ಗಳ ಸಂಸ್ಕಾರಕ ಬಂದು ವರ್ಷಗಳಾಗಿದ್ದವು. ಮೊಬೈಲು ಅರೆಗಳಿಗೆ ತಡೆದರೆ ನಾವು ಗೊಣಗುತ್ತೇವೆ, ಅಷ್ಟೇ. ರಾಕೆಟ್ಟಿಗೆ ಆ ಅರೆಗಳಿಗೆ ಇಲ್ಲ.

ದೀಪಾವಳಿಗೆ ಇನ್ನು ಹತ್ತು ದಿನ ಇರುವಾಗ ಹೊಸ ಜೋಡಿಯನ್ನು ಕೂಡಿಸಿದೆವು. ನೇಕಾರರು ಬರಲು ಒಪ್ಪಲಿಲ್ಲ. ಮೂರು ದಿನ ಬೇರೊಬ್ಬರ ಮಗ್ಗದಲ್ಲಿ ಕೂಲಿ ಮಾಡುತ್ತೇನೆಂದರು. ತಪ್ಪೇನಿಲ್ಲ. ಹೀಗಾಗಿ ಆ ಮೂರು ದಿನ ಮಗ್ಗ ನಡೆಸಿದವರು ನಮ್ಮ ತಂದೆ. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಡಬ್ಬದ ಮೇಲೆ ಕುಳಿತು ತೊಡೆ ತಟ್ಟಿದರು. ನಾನು ಆಸಿಲೋಸ್ಕೋಪು ನೋಡಿದೆ. ಎರಡೂ ಒಂದೇ ಹೇಳಿದವು. ನಾಲ್ಕನೆಯ ದಿನ ನೇಕಾರರು ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಲಾಳಿಗೆ ಕಂಡಿಕೆ ಹಾಕಿಕೊಂಡರು. ಹನ್ನೊಂದು ಚಾದರಿನ ಕೂಲಿಯನ್ನು ನಾನು ಕೊಡಹೋದೆ. ಅರ್ಧವನ್ನಷ್ಟೇ ತೆಗೆದುಕೊಂಡರು, ಯಾವ ಲೆಕ್ಕದಿಂದ ಎಂದು ನಾನು ಕೇಳಲಿಲ್ಲ. ಆರ್ಡರು ಎರಡು ದಿನ ತಡವಾಗಿ ಹೋಯಿತು. ಮಾಲೀಕರಿಗೆ ಅದರಲ್ಲಿ ಲಾಭವೇನೂ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು.

ತಂದೆಯವರು ಮುಂದೆ ಒಂದೂವರೆ ವರ್ಷ ಕಾರ್ಡು ಕೊರೆದು, ಕೆಲಸ ಕಡಿಮೆಯಾದಂತೆ ಊರಿಗೆ ಬಂದುಬಿಟ್ಟರು. ಆ ಮಗ್ಗದ ಹಳೆಯ ಕಾರ್ಡುಗಳ ಸರಪಳಿಯನ್ನು ಗುಜರಿಗೆ ಹಾಕುವಾಗ ಅವರು ಒಂದು ಕಟ್ಟು ಕೇಳಿ ತಂದಿದ್ದರು. ಈಗ ನನ್ನ ಮಗಳು ಅವುಗಳಲ್ಲಿ ಒಂದನ್ನು ಹಿಡಿದು ಗೆರೆ ಎಳೆಯುತ್ತಾಳೆ. ಇವು ಕೆಟ್ಟ ಕಾರ್ಡುಗಳಲ್ಲ, ಸರಿಯಾದವು. ಆದರೂ ಪೆನ್ಸಿಲು ತೂತಿನಲ್ಲಿ ಇಳಿಯುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಷೆಡ್ಡು ತಿಂಗಳುಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆದ ದಿನ ಮಾಲೀಕರು ನನಗೆ ಫೋನು ಮಾಡಿ ಮಗ್ಗದ ಹತ್ತಿರ ಹಿಡಿದರು. ದಂಡ ಯಾವ ಡಿಗ್ರಿಯಲ್ಲಿ ನಿಂತಿತ್ತೋ ಯಾರಿಗೂ ನೆನಪಿರಲಿಲ್ಲ. ಸ್ವಿಚ್ಚು ಒತ್ತಿದರು. ಮೊದಲ ಸುತ್ತಿಗೆ ಕೊಕ್ಕೆಗಳು ಸುಮ್ಮನಿದ್ದವು, ಸೊನ್ನೆ ಗುರುತನ್ನು ಹುಡುಕುತ್ತಿದ್ದವು. ಎರಡನೆಯ ಸುತ್ತಿಗೆ ಚಟಪಟ ಸುರುವಾಯಿತು. ಫೋನನ್ನು ನಾನು ತಂದೆಯವರ ಕಿವಿಗೆ ಹಿಡಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಎಣ್ಣಿ ಹಾಕಂತ ಹೇಳು, ಒಣಗ್ಯಾವ" ಎಂದರು.